ವಿದ್ವಾಂಸನ ಭಾವಚಿತ್ರದಲ್ಲಿ ಸ್ಥಾನಮಾನ ಯಾವುದು, ಸ್ವಭಾವ ಯಾವುದು?

ತುಂಗಾತೀರ, ಶಿವಮೊಗ್ಗ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಶಿವಮೊಗ್ಗದ ಕಾಲೇಜೊಂದರಲ್ಲಿ ನಾನು ಇತಿಹಾಸವನ್ನು ಬೋಧಿಸುತ್ತೇನೆ. ಯುರೋಪಿನ ಪುನರುಜ್ಜೀವನ ಕಾಲದ ಪಾಠದಲ್ಲಿ ಮಾನವತಾವಾದ, ಮುದ್ರಣಯಂತ್ರ, ಗ್ರೀಕ್ ಮತ್ತು ಲ್ಯಾಟಿನ್ ಗ್ರಂಥಗಳ ಮರುಶೋಧ ಎಂಬ ಮಾತುಗಳು ಬರುತ್ತವೆಯೇ ಹೊರತು, ಆ ಕೆಲಸ ಮಾಡಿದ ವಿದ್ವಾಂಸರು ಲೋಕದ ಕಣ್ಣಿಗೆ ಹೇಗೆ ಕಾಣಿಸಿಕೊಳ್ಳಬಯಸಿದರು ಎಂಬುದು ಬರುವುದಿಲ್ಲ. ಆ ಕೊರತೆಯನ್ನು ತುಂಬಲೆಂದು ಈ ಸಲ ತರಗತಿಯಲ್ಲಿ ಕೆಲವು ಭಾವಚಿತ್ರಗಳನ್ನು ಪರದೆಯ ಮೇಲೆ ತೋರಿಸಿದೆ. ಹಾನ್ಸ್ ಹೋಲ್ಬೈನ್ 1523ರಲ್ಲಿ ಬರೆದ ಡಚ್ ಮಾನವತಾವಾದಿ ವಿದ್ವಾಂಸ ಎರಾಸ್ಮಸ್, ಜಾಕೊಪೊ ದೆ ಬಾರ್ಬರಿಯದೆಂದು ಹೇಳಲಾಗುವ, ಗಣಿತಜ್ಞ ಲೂಕಾ ಪಾಚೊಲಿಯ 1495ರ ಚಿತ್ರ, ಉರ್ಬಿನೊದ ಅರಸ ಫೆದೆರಿಕೊ ದ ಮೊಂಟೆಫೆಲ್ಟ್ರೊ ಪುಸ್ತಕ ಓದುತ್ತಿರುವ ಚಿತ್ರ, ಇವುಗಳ ಜೊತೆಗೆ ಆಂಟೊನೆಲ್ಲೊ ದ ಮೆಸ್ಸಿನಾ ಬರೆದ, ಓದಿನ ಕೋಣೆಯಲ್ಲಿ ಕುಳಿತ, ಬೈಬಲನ್ನು ಲ್ಯಾಟಿನ್ನಿಗೆ ಅನುವಾದಿಸಿದ ಸಂತ ಜೆರೋಮ್.

ಚಿತ್ರಗಳನ್ನು ನೋಡಿದ ವಿದ್ಯಾರ್ಥಿನಿಯೊಬ್ಬಳು, "ಸರ್, ಎಲ್ಲರ ಕೈಯಲ್ಲೂ ಪುಸ್ತಕ, ಎಲ್ಲರ ಮುಖವೂ ಗಂಭೀರ. ಹೀಗಿರುವಾಗ ಒಬ್ಬನ ಸ್ವಭಾವ ಇನ್ನೊಬ್ಬನಿಗಿಂತ ಬೇರೆ ಎಂದು ಚಿತ್ರ ಹೇಳುವುದಾದರೂ ಎಲ್ಲಿ?" ಎಂದು ಕೇಳಿದಳು. ಪ್ರಶ್ನೆ ನ್ಯಾಯವಾದದ್ದು. ಪುಸ್ತಕವೆಂದರೆ ಜ್ಞಾನ, ತುಪ್ಪಳವೆಂದರೆ ಐಶ್ವರ್ಯ, ತಲೆಬುರುಡೆಯೆಂದರೆ ಸಾವು ಎಂದು ಪಟ್ಟಿ ಮಾಡಿ ಕೊಡುವುದು ಸುಲಭ; ಆದರೆ ಹಾಗೆ ಮಾಡಿದರೆ ಚಿತ್ರವನ್ನು ನೋಡುವ ಅಗತ್ಯವೇ ಉಳಿಯುವುದಿಲ್ಲ. ಆದ್ದರಿಂದ ಬಲ್ಲವರಲ್ಲಿ ನನ್ನ ವಿನಂತಿ ಇಷ್ಟು: ಇಂಥ ಭಾವಚಿತ್ರದಲ್ಲಿ ವ್ಯಕ್ತಿಯ ಸ್ಥಾನಮಾನವನ್ನು ಹೇಳುವ ಭಾಗ ಯಾವುದು, ಸ್ವಭಾವವನ್ನು ಹೇಳುವ ಭಾಗ ಯಾವುದು? ಆ ಕಾಲದ ಚಿತ್ರಕಾರರು ಇವೆರಡನ್ನೂ ಬೇರೆಬೇರೆಯೆಂದು ಎಣಿಸಿದ್ದರೇ? ಮಲೆನಾಡಿನ ಮಕ್ಕಳಿಗೆ ಇದನ್ನು ವಿವರಿಸಲು ನಮ್ಮ ಸುತ್ತಲಿನ ಕಲೆಯಿಂದ ಯಾವ ದಾರಿ ಸಿಗಬಹುದು?

ಇಕ್ಕೇರಿ ರಸ್ತೆ, ಸಾಗರ

ಮಾನ್ಯರೇ, ಪ್ರೌಢಶಾಲೆಯಲ್ಲಿ ಬಹುಕಾಲ ಚಿತ್ರಕಲೆಯನ್ನು ಕಲಿಸಿ ಈಗ ನಿವೃತ್ತನಾಗಿದ್ದೇನೆ. ನಿಮ್ಮ ವಿದ್ಯಾರ್ಥಿನಿಯ ಪ್ರಶ್ನೆಗೆ ನನ್ನ ಮೊದಲ ಉತ್ತರ: ಕೈಗಳನ್ನು ನೋಡಲು ಹೇಳಿ. ಮುಖವನ್ನು ಆಮೇಲೆ ನೋಡಿದರಾಯಿತು.

ನೀವು ತೋರಿಸಿದ ಹೋಲ್ಬೈನ್‌ನ ಎರಾಸ್ಮಸ್ ಚಿತ್ರವನ್ನೇ ತೆಗೆದುಕೊಳ್ಳೋಣ. ಮರದ ಹಲಗೆಯ ಮೇಲೆ ತೈಲವರ್ಣದಲ್ಲಿ ಬರೆದ ಆ ಚಿತ್ರದಲ್ಲಿ ಐವತ್ತು ದಾಟಿದ ವಿದ್ವಾಂಸನು ತುಪ್ಪಳದ ಅಂಚಿನ ಗಾಢ ನಿಲುವಂಗಿ ತೊಟ್ಟು, ಕಪ್ಪು ಟೋಪಿ ಧರಿಸಿ, ಮುಚ್ಚಿದ ಕೆಂಪು ಪುಸ್ತಕದ ಮೇಲೆ ಎರಡೂ ಕೈಗಳನ್ನು ಊರಿ ಕುಳಿತಿದ್ದಾನೆ. ಹಿಂದೆ ಒಂದು ಕಡೆ ಪ್ರಾಚೀನ ರೋಮಿನ ಶೈಲಿಯ ಕೆತ್ತನೆಯ ಗೋಡೆಗಂಬ, ಇನ್ನೊಂದು ಕಡೆ ಪರದೆ ಸರಿದ ಕಪಾಟಿನಲ್ಲಿ ಪುಸ್ತಕಗಳು ಮತ್ತು ಒಂದು ಗಾಜಿನ ಹೂಜಿ. ಕೈಕೆಳಗಿನ ಪುಸ್ತಕದ ಅಂಚಿನಲ್ಲಿ ಅವನ ಹೆಸರೂ, ಗ್ರೀಕ್ ಭಾಷೆಯಲ್ಲಿ "ಹರ್ಕ್ಯುಲಿಸನ ದುಡಿಮೆಗಳು" ಎಂಬ ಮಾತೂ ಇವೆ. ಗಾದೆಗಳ ಮೇಲೆ ತಾನು ಬರೆದ ಬೃಹತ್ ಗ್ರಂಥದಲ್ಲಿ ಇದೇ ಮಾತನ್ನು ವಿವರಿಸುವ ಕಡೆ ಎರಾಸ್ಮಸ್, ಹಳೆಯ ಹಸ್ತಪ್ರತಿಗಳನ್ನು ತಿದ್ದಿ ಶುದ್ಧಪಡಿಸುವವನ ಕಷ್ಟವನ್ನು ಹೇಳಿಕೊಂಡಿದ್ದಾನೆ. ಪುರಾಣದ ವೀರನ ಸಾಹಸದ ಪಕ್ಕದಲ್ಲಿ ಪಾಠಶೋಧನೆಯ ಶ್ರಮವನ್ನು ನಿಲ್ಲಿಸುವುದೆಂದರೆ ಸಣ್ಣ ಮಾತಲ್ಲ. ಯುದ್ಧ ಗೆದ್ದವನಿಗೆ ಸಲ್ಲುತ್ತಿದ್ದ ಗೌರವ ಅಕ್ಷರ ತಿದ್ದಿದವನಿಗೂ ಸಲ್ಲಬೇಕೆಂಬುದು ಅದರ ತಾತ್ಪರ್ಯ.

ಇಲ್ಲಿಯವರೆಗೆ ಹೇಳಿದ್ದು ಸ್ಥಾನಮಾನದ ಮಾತು. ಈಗ ಆ ಕೈಗಳನ್ನು ನೋಡಿ. ಪುಸ್ತಕವನ್ನು ಅವು ಎತ್ತಿ ತೋರಿಸುತ್ತಿಲ್ಲ, ಬಿಗಿಯಾಗಿ ಹಿಡಿದೂ ಇಲ್ಲ. ದಿನದ ಕೆಲಸ ಮುಗಿದ ಮೇಲೂ ಪುಸ್ತಕವನ್ನು ಬಿಟ್ಟೇಳಲು ಮನಸ್ಸಾಗದವನಂತೆ ಬೆರಳುಗಳು ಅದರ ಮೇಲೆ ಹಗುರವಾಗಿ ಇವೆ. ಹೋಲ್ಬೈನ್ ಎರಾಸ್ಮಸ್‌ನ ಕೈಗಳನ್ನು ಬೇರೆಯಾಗಿಯೇ ಅಭ್ಯಾಸಚಿತ್ರಗಳಲ್ಲಿ ಬರೆದುಕೊಂಡಿದ್ದನು; ಆ ಹಾಳೆಗಳು ಪ್ಯಾರಿಸ್‌ನ ಲೂವ್ರ್ ಸಂಗ್ರಹದಲ್ಲಿ ಉಳಿದಿವೆ. ಮುಖಕ್ಕೆ ಕೊಡುವಷ್ಟೇ ಗಮನವನ್ನು ಕೈಗಳಿಗೂ ಕೊಟ್ಟನೆಂದರೆ, ಈ ಮನುಷ್ಯನ ಬದುಕು ನಡೆದದ್ದು ಅಲ್ಲಿಯೇ ಎಂದು ಚಿತ್ರಕಾರನಿಗೆ ಗೊತ್ತಿತ್ತು. ಅದೇ ವರ್ಷ ಅವನು ಬರೆದ, ಲೂವ್ರ್‌ನಲ್ಲಿಯೇ ಇರುವ ಇನ್ನೊಂದು ಸಣ್ಣ ಚಿತ್ರದಲ್ಲಿ ಎರಾಸ್ಮಸ್ ಪಕ್ಕಕ್ಕೆ ಮುಖ ಮಾಡಿ ಬರೆಯುತ್ತಿದ್ದಾನೆ. ನಮ್ಮ ಕಡೆಗೆ ಅವನ ಗಮನವೇ ಇಲ್ಲ. ಕಣ್ಣು ಹಾಳೆಯ ಮೇಲೆ ಬಾಗಿದೆ, ತುಟಿಗಳು ಬಿಗಿದುಕೊಂಡಿವೆ, ಬೆರಳಲ್ಲಿ ಉಂಗುರಗಳಿದ್ದರೂ ನೋಡುವವರ ದೃಷ್ಟಿ ಸರಿಯುವುದು ಲೇಖನಿಯ ತುದಿಗೆ. ಮೊದಲ ಚಿತ್ರದಲ್ಲಿ ಕೀರ್ತಿವಂತನಾದ ಎರಾಸ್ಮಸ್, ಎರಡನೆಯದರಲ್ಲಿ ಕೆಲಸದಲ್ಲಿ ಮುಳುಗಿದ ಎರಾಸ್ಮಸ್. ಒಬ್ಬನೇ ವ್ಯಕ್ತಿ, ಒಬ್ಬನೇ ಚಿತ್ರಕಾರ, ಒಂದೇ ವರ್ಷ. ಇವೆರಡನ್ನು ಪರದೆಯ ಮೇಲೆ ಜೋಡಿಸಿ ತೋರಿಸಿದರೆ ನಿಮ್ಮ ವಿದ್ಯಾರ್ಥಿನಿ ತಾನಾಗಿಯೇ ಮಾತನಾಡತೊಡಗುತ್ತಾಳೆ.

ಇದರ ಹಿಂದೆ ಒಂದು ತತ್ತ್ವವೂ ಇದೆ. ಮನಸ್ಸಿನ ಚಲನೆಗಳು ದೇಹದ ಚಲನೆಗಳಿಂದ ತಿಳಿಯುತ್ತವೆ ಎಂದು ಫ್ಲಾರೆನ್ಸಿನ ಲಿಯೊನ್ ಬತ್ತಿಸ್ತ ಆಲ್ಬರ್ತಿ 1435ರಲ್ಲಿಯೇ ಚಿತ್ರಕಲೆಯನ್ನು ಕುರಿತ ತನ್ನ ಗ್ರಂಥದಲ್ಲಿ ಬರೆದಿದ್ದನು. ಕಥಾಚಿತ್ರದಲ್ಲಿ ಓಡುವ, ಅಳುವ, ಕೈಯೆತ್ತುವ ಜನರಿರುತ್ತಾರೆ. ಆದರೆ ಸುಮ್ಮನೆ ಕುಳಿತ ಪಂಡಿತನಲ್ಲಿ ಚಲನೆಯನ್ನು ಎಲ್ಲಿ ತೋರಿಸುವುದು? ಬೆರಳು, ಕತ್ತಿನ ಓರೆ, ರೆಪ್ಪೆಯ ಭಾರ, ಇಷ್ಟರಲ್ಲಿಯೇ ತೋರಿಸಬೇಕು. ಆದ್ದರಿಂದಲೇ ವಿದ್ವಾಂಸರ ಭಾವಚಿತ್ರ ಕಷ್ಟದ ಪ್ರಕಾರ, ಮತ್ತು ನನ್ನ ಅಭಿಪ್ರಾಯದಲ್ಲಿ ಆ ಕಾಲದ ಅತ್ಯಂತ ಸೂಕ್ಷ್ಮವಾದ ಪ್ರಕಾರ.

ಇನ್ನು ಮಲೆನಾಡಿನ ದಾರಿ. ಮಕ್ಕಳನ್ನು ಒಮ್ಮೆ ಇಕ್ಕೇರಿಯ ಅಘೋರೇಶ್ವರ ದೇವಾಲಯಕ್ಕೆ ಕರೆತನ್ನಿ. ಅಲ್ಲಿ ಗರ್ಭಗುಡಿಯ ಎದುರಿನ ನೆಲದ ಕಲ್ಲಿನಲ್ಲಿ ಕೆಳದಿಯ ಅರಸರು ಅಡ್ಡಬಿದ್ದು ನಮಸ್ಕರಿಸುವ ಉಬ್ಬುಶಿಲ್ಪಗಳಿವೆ. ಮುಖಚಹರೆಯಿಂದ ಇಂಥವರೆಂದು ಗುರುತಿಸುವ ಉದ್ದೇಶ ಅಲ್ಲಿಲ್ಲ. ರಾಜ್ಯವಾಳಿದವನು ದೇವರೆದುರಿಗೆ ಯಾರಾಗಿದ್ದ ಎಂಬುದನ್ನು ಮೈಯ ಭಂಗಿಯೊಂದೇ ಹೇಳುತ್ತದೆ. ದೇಹದ ಇರವಿನಿಂದ ಮನಸ್ಸನ್ನು ಓದುವ ಅಭ್ಯಾಸ ನಮ್ಮವರಿಗೆ ಹೊಸದಲ್ಲ ಎಂದು ತೋರಿಸಿ, ಅಲ್ಲಿಂದ ಎರಾಸ್ಮಸ್‌ನ ಕೈಗಳಿಗೆ ಹೋಗಬಹುದು.

ಕುಶಾವತಿ, ತೀರ್ಥಹಳ್ಳಿ

ಸಾಗರದ ಮೇಷ್ಟ್ರು ಹೇಳಿದ್ದನ್ನು ಒಪ್ಪುತ್ತೇನೆ. ಆದರೆ ಸ್ಥಾನಮಾನದ ಭಾಗವನ್ನು ಅಷ್ಟು ಬೇಗ ದಾಟಿ ಹೋಗಬಾರದು ಎಂದು ನನಗೆ ಅನ್ನಿಸುತ್ತದೆ, ಏಕೆಂದರೆ ಈ ಚಿತ್ರಗಳು ಹುಟ್ಟಿದ್ದೇ ಸ್ಥಾನಮಾನದ ಒಂದು ತೊಡಕಿನಿಂದ.

ಅರಸನ ಮಗನಿಗೆ ವಂಶವಿತ್ತು, ವರ್ತಕನಿಗೆ ಹಣವಿತ್ತು, ಬಿಷಪ್ಪನಿಗೆ ಪೀಠವಿತ್ತು. ಆದರೆ ಎರಾಸ್ಮಸ್‌ನಂಥವನಿಗೆ ಏನಿತ್ತು? ಅವನು ಪಾದ್ರಿಯೊಬ್ಬರ ಮಗ, ವಿವಾಹದ ಹೊರಗೆ ಹುಟ್ಟಿದವನು. ಆ ಸಮಾಜದಲ್ಲಿ ಅದು ಮೇಲೇರಲು ಬಿಡದ ಹುಟ್ಟು. ಅವನ ಬದುಕು ನಡೆದದ್ದು ಆಶ್ರಯದಾತರ ನೆರವಿನಿಂದ ಮತ್ತು ಮುದ್ರಿತ ಪುಸ್ತಕಗಳಿಂದ ಬಂದ ಕೀರ್ತಿಯಿಂದ. ನೀವು ತೋರಿಸಿದ 1523ರ ಚಿತ್ರ, ಅವನಿಗೆ ಆಶ್ರಯ ಕೊಟ್ಟಿದ್ದ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ವಿಲಿಯಂ ವಾರ್‌ಹ್ಯಾಮ್‌ಗೆ ಕಳುಹಿಸಿದ್ದೆಂದು ಸಾಮಾನ್ಯವಾಗಿ ನಂಬಲಾಗಿದೆ. ಹೀಗಿರುವಾಗ ಆ ತುಪ್ಪಳದ ಅಂಚನ್ನು ಬರಿಯ ಐಶ್ವರ್ಯವೆಂದು ಓದಿದರೆ ಸಾಲದು. ಯಾರು ಯಾವ ತುಪ್ಪಳ, ಯಾವ ಬಣ್ಣ, ಯಾವ ಬಟ್ಟೆ ತೊಡಬಹುದೆಂದು ಯುರೋಪಿನ ಅನೇಕ ನಗರಗಳಲ್ಲಿ ಕಾನೂನುಗಳೇ ಇದ್ದ ಕಾಲ ಅದು. ಅಂಥ ಉಡುಪಿನಲ್ಲಿ ಕುಳಿತ ವಿದ್ವಾಂಸನು, ಹುಟ್ಟು ತನಗೆ ಕೊಡದ ಸ್ಥಾನವನ್ನು ಓದು ಕೊಟ್ಟಿದೆ ಎಂದು ನೋಡುವವರಿಗೆ ತಿಳಿಸುತ್ತಿದ್ದಾನೆ.

ಇದೇ ಮಾತನ್ನು ತಿರುಗಿಸಿ ನೋಡಬೇಕೆಂದರೆ ಫೆದೆರಿಕೊ ಚಿತ್ರಕ್ಕೆ ಬನ್ನಿ. ಅವನು ಕೂಲಿಗೆ ಯುದ್ಧ ಮಾಡಿ ಹಣ ಗಳಿಸಿದ ದಂಡನಾಯಕ. ಉರ್ಬಿನೊದ ಅರಮನೆಗಾಗಿ 1470ರ ದಶಕದಲ್ಲಿ ಬರೆಸಿದ ಆ ಚಿತ್ರದಲ್ಲಿ ಅವನು ಉಕ್ಕಿನ ಕವಚ ತೊಟ್ಟೇ ದೊಡ್ಡ ಪುಸ್ತಕವೊಂದನ್ನು ಓದುತ್ತಿದ್ದಾನೆ, ಮೊಣಕಾಲ ಬಳಿ ಪುಟ್ಟ ಮಗ ಗ್ವಿದೊಬಾಲ್ದೊ ನಿಂತಿದ್ದಾನೆ. ಇಂಗ್ಲೆಂಡಿನ ರಾಜನಿಂದ 1474ರಲ್ಲಿ ಬಂದ ಗಾರ್ಟರ್ ಪದವಿಯ ಚಿಹ್ನೆಯೂ ಕಾಲಿನಲ್ಲಿದೆ. ಕವಚ ತೊಟ್ಟು ಯಾರೂ ಓದಲು ಕೂರುವುದಿಲ್ಲ. ಆದರೆ ಬಲಕ್ಕೆ ವಿದ್ಯೆಯ ಒಪ್ಪಿಗೆ ಬೇಕಾಗಿತ್ತು. ತನ್ನ ಓದಿನ ಕೋಣೆಯ ಗೋಡೆಯ ಮೇಲೆ ಅವನು ಪ್ರಾಚೀನರೂ ಸಮಕಾಲೀನರೂ ಸೇರಿದಂತೆ 28 ಮಂದಿ ಮಹನೀಯರ ಭಾವಚಿತ್ರಗಳನ್ನು ಬರೆಸಿದ್ದನು. ಅವುಗಳಲ್ಲಿ ಅರ್ಧ ಈಗ ಉರ್ಬಿನೊದಲ್ಲಿ, ಅರ್ಧ ಲೂವ್ರ್‌ನಲ್ಲಿ ಇವೆ. ಅಂಥ ಕೋಣೆಯಲ್ಲಿ ಒಬ್ಬನೇ ಕುಳಿತರೂ ಅರಸನು ವಿದ್ವಾಂಸರ ಸಭೆಯಲ್ಲಿ ಕುಳಿತಂತೆಯೇ. ಪಂಡಿತನು ಗೌರವಕ್ಕಾಗಿ ತುಪ್ಪಳ ತೊಡುತ್ತಾನೆ, ದಂಡನಾಯಕನು ಗೌರವಕ್ಕಾಗಿ ಪುಸ್ತಕ ಹಿಡಿಯುತ್ತಾನೆ. ಈ ಎರಡು ಚಿತ್ರಗಳನ್ನು ಎದುರುಬದುರು ಇಟ್ಟರೆ ಆ ಯುಗದ ಸಮಾಜವೇ ಕಾಣುತ್ತದೆ.

ಭಾವಚಿತ್ರಗಳು ಯಾರಿಗಾಗಿ ಬರೆಯಲ್ಪಟ್ಟವು ಎಂಬುದನ್ನೂ ಮಕ್ಕಳಿಗೆ ಹೇಳಿ. 1517ರಲ್ಲಿ ಎರಾಸ್ಮಸ್ ಮತ್ತು ಆಂಟ್‌ವರ್ಪ್ ನಗರದ ಗುಮಾಸ್ತನಾಗಿದ್ದ ಪೀಟರ್ ಗಿಲ್ಲಿಸ್ ಇಬ್ಬರೂ ಕ್ವೆಂಟಿನ್ ಮಾಸಿಸ್‌ನಿಂದ ತಮ್ಮ ಜೋಡಿ ಚಿತ್ರಗಳನ್ನು ಬರೆಸಿ, ಲಂಡನ್ನಿನಲ್ಲಿದ್ದ ಗೆಳೆಯ ಥಾಮಸ್ ಮೋರ್‌ಗೆ ಕಾಣಿಕೆಯಾಗಿ ಕಳುಹಿಸಿದರು. ಚಿತ್ರಗಳು ಎರಡು ಹಲಗೆಗಳ ಮೇಲಿದ್ದರೂ ಹಿಂದಿನ ಪುಸ್ತಕದ ಕಪಾಟು ಒಂದೇ. ಒಂದು ಹಲಗೆಯಿಂದ ಇನ್ನೊಂದಕ್ಕೆ ಮುಂದುವರಿಯುತ್ತದೆ. ಗೆಳೆಯರಿಬ್ಬರು ಒಂದೇ ಕೋಣೆಯಲ್ಲಿ ಕುಳಿತು ಮೂರನೆಯವನನ್ನು ಕಾಯುತ್ತಿರುವಂತಿದೆ. ಗಿಲ್ಲಿಸ್ ಕೈಯಲ್ಲಿ ಮೋರ್ ಬರೆದ ಪತ್ರವಿದೆ, ಅದರ ಮೇಲೆ ಮೋರ್‌ನ ಕೈಬರಹವನ್ನೇ ಚಿತ್ರಕಾರ ಅನುಕರಿಸಿದ್ದಾನೆ. ಮೋರ್‌ಗೆ ಇದು ಎಷ್ಟು ಹಿಡಿಸಿತೆಂದರೆ, ಈ ಮಾಸಿಸ್ ಮನಸ್ಸು ಮಾಡಿದರೆ ಪರರ ಕೈಬರಹವನ್ನು ನಕಲು ಮಾಡುವ ಒಳ್ಳೆಯ ಕೂಟಲೇಖಕನಾಗಬಲ್ಲ ಎಂದು ಮೆಚ್ಚಿ ಬರೆದನು. ಇಲ್ಲಿ ವಿದ್ವಾಂಸನ ಸ್ಥಾನವನ್ನು ನಿರ್ಧರಿಸುವುದು ಅವನ ಗೆಳೆತನ: ಯಾರ ಪತ್ರ ಅವನ ಕೈಯಲ್ಲಿದೆ, ಯಾರ ಪುಸ್ತಕ ಅವನ ಕಪಾಟಿನಲ್ಲಿದೆ ಎಂಬುದು.

ನಮ್ಮ ಕಡೆಯ ಉದಾಹರಣೆ ಬೇಕೆಂದರೆ, ಶೃಂಗೇರಿಯ ಪ್ರಭಾವವಿರುವ ಮನೆಗಳಲ್ಲಿ ಮುದ್ರಿತ ರೂಪದಲ್ಲಿ ಕಾಣಸಿಗುವ, ರಾಜಾ ರವಿವರ್ಮ 1904ರಲ್ಲಿ ಬರೆದ ಶಂಕರಾಚಾರ್ಯರ ಚಿತ್ರವನ್ನು ನೆನೆಯಬಹುದು. ನಡುವೆ ಗುರು, ಸುತ್ತ ಶಿಷ್ಯರು. ನಮ್ಮಲ್ಲಿ ವಿದ್ವಾಂಸನ ಹಿರಿಮೆ ಅವನ ಮುಂದೆ ಕುಳಿತು ಕೇಳುವವರಿಂದ ತಿಳಿಯುತ್ತದೆ. ಪಾಚೊಲಿಯ ಚಿತ್ರದಲ್ಲಿ ಪಕ್ಕಕ್ಕೆ ನಿಂತ ಶಿಷ್ಯನನ್ನು ಆ ದೃಷ್ಟಿಯಿಂದ ನೋಡಿಸಿ.

ತುಂಗಾತೀರ, ಶಿವಮೊಗ್ಗ

ಇಬ್ಬರಿಗೂ ಕೃತಜ್ಞತೆಗಳು. ಎರಾಸ್ಮಸ್ ಮತ್ತು ಫೆದೆರಿಕೊ ಚಿತ್ರಗಳನ್ನು ಎದುರುಬದುರು ಇಡುವ ಸಲಹೆಯನ್ನು ಮುಂದಿನ ತರಗತಿಯಲ್ಲಿಯೇ ಪಾಲಿಸುತ್ತೇನೆ. ಇನ್ನೆರಡು ಸಂದೇಹಗಳು ಉಳಿದಿವೆ. ಆ ಕಾಲದಲ್ಲಿ ವಿದುಷಿಯರೂ ಇದ್ದರಲ್ಲವೇ, ಅವರನ್ನು ಚಿತ್ರಿಸುವಾಗಲೂ ಇದೇ ಪುಸ್ತಕ, ಇದೇ ಭಂಗಿ ಒದಗುತ್ತಿತ್ತೇ? ಎರಡನೆಯದು, ಮುಖದಲ್ಲಿ ಸ್ವಭಾವ ಕಾಣುತ್ತದೆಂಬುದನ್ನೇ ವಿದ್ವಾಂಸರು ಒಪ್ಪಿದ್ದರೇ? ಬರಹವಿರುವಾಗ ಚಿತ್ರವೇಕೆ ಎಂದು ಅವರಲ್ಲಿ ಯಾರೂ ಕೇಳಲಿಲ್ಲವೇ?

ಶರಾವತಿ ಹಿನ್ನೀರು, ಹೊಸನಗರ

ನಾನು ಪಂಡಿತನಲ್ಲ, ಫೋಟೊ ಸ್ಟುಡಿಯೊ ನಡೆಸುವವನು. ನಮ್ಮ ತಂದೆಯವರ ಕಾಲದಲ್ಲಿ ಶಾಲೆಯ ಮೇಷ್ಟ್ರು, ಶಾನುಭೋಗರು, ವೈದ್ಯರು ಸ್ಟುಡಿಯೊಗೆ ಬಂದು ಫೋಟೊ ತೆಗೆಸಿಕೊಳ್ಳುತ್ತಿದ್ದರು. ಪಕ್ಕದಲ್ಲಿ ಒಂದು ಎತ್ತರದ ಸ್ಟೂಲು, ಅದರ ಮೇಲೆ ದಪ್ಪ ಪುಸ್ತಕ, ಹೆಗಲ ಮೇಲೆ ಮಡಿಸಿದ ಶಾಲು, ಜೇಬಿನಲ್ಲಿ ಪೆನ್ನು. ಆ ಪುಸ್ತಕ ಸ್ಟುಡಿಯೊದ್ದೇ. ಬಂದವರೆಲ್ಲರೂ ಅದರ ಮೇಲೆಯೇ ಕೈಯಿಟ್ಟರು. ಹಾಗಿದ್ದರೂ ಆ ಹಳೆಯ ಪ್ರತಿಗಳನ್ನು ಈಗ ತೆಗೆದು ನೋಡಿದರೆ ದಿನವೂ ಪುಸ್ತಕ ಹಿಡಿದವರ ಕೈ ಯಾವುದು, ಫೋಟೊಗಾಗಿ ಹಿಡಿದವರ ಕೈ ಯಾವುದು ಎಂದು ಗೊತ್ತಾಗುತ್ತದೆ. ಆದ್ದರಿಂದ ಸಾಗರದ ಮೇಷ್ಟ್ರ ಮಾತನ್ನು ನಾನು ಅನುಭವದಿಂದಲೇ ಒಪ್ಪುತ್ತೇನೆ.

ಮುಖವನ್ನು ಕುರಿತು ಒಂದು ಚಿತ್ರವನ್ನು ಸೂಚಿಸಬಯಸುತ್ತೇನೆ. ರಾಫೆಲ್ ಸುಮಾರು 1510ರಲ್ಲಿ ಬರೆದ ತೊಮ್ಮಾಸೊ ಇಂಗಿರಾಮಿಯ ಭಾವಚಿತ್ರ ಅದು. ಎರಡನೇ ಜೂಲಿಯಸ್ ಪೋಪನ ಕಾಲದಲ್ಲಿ ವ್ಯಾಟಿಕನ್ ಗ್ರಂಥಾಲಯದ ಮುಖ್ಯಸ್ಥನಾದ ಈತ ದಪ್ಪ ಮೈಯವನು, ಒಂದು ಕಣ್ಣು ಓರೆಯಾಗಿತ್ತು. ಇಂಥ ಮುಖ ಎದುರಿಗೆ ಬಂದಾಗ ಕ್ಯಾಮೆರಾ ಹಿಡಿದ ನಾವು ಪಕ್ಕದಿಂದ ತೆಗೆದು ಕಣ್ಣನ್ನು ಮರೆಸುತ್ತೇವೆ. ಉರ್ಬಿನೊದ ಫೆದೆರಿಕೊ ತನ್ನ ಚಿತ್ರಗಳಲ್ಲಿ ಎಡಮಗ್ಗುಲನ್ನೇ ತೋರಿಸುವುದಕ್ಕೂ ಇಂಥದೇ ಕಾರಣವಿದೆ. ಅವನ ಬಲಗಣ್ಣು 1450ರ ಪಂದ್ಯಾಟವೊಂದರಲ್ಲಿ ಹೋಗಿತ್ತು. ರಾಫೆಲ್ ಮಾತ್ರ ಮರೆಸಲಿಲ್ಲ. ಇಂಗಿರಾಮಿ ಬರೆಯುತ್ತ ಬರೆಯುತ್ತ ಮುಂದಿನ ಮಾತಿಗಾಗಿ ತಲೆಯೆತ್ತಿ ಮೇಲೆ ನೋಡುವ ಗಳಿಗೆಯನ್ನು ಆರಿಸಿಕೊಂಡನು. ಕೆಂಪು ನಿಲುವಂಗಿ, ಕೆಂಪು ಟೋಪಿ, ಕೈಯಲ್ಲಿ ಲೇಖನಿ, ಎದುರಿಗೆ ತೆರೆದ ಪುಸ್ತಕ. ಕಣ್ಣಿನ ಓರೆ ಅಲ್ಲಿಯೇ ಇದೆ, ಆದರೆ ನೋಡುವವನಿಗೆ ಅದು ಊನವಾಗಿ ತೋರದೆ ಮನುಷ್ಯನು ತನ್ನೊಳಗಿನ ಮಾತನ್ನು ಹುಡುಕುವಾಗ ಹೊರಗಿನದರಿಂದ ದೃಷ್ಟಿಯನ್ನು ಕಿತ್ತುಕೊಳ್ಳುವ ಬಗೆಯಾಗಿ ತೋರುತ್ತದೆ. ಇದ್ದದ್ದನ್ನು ಇದ್ದಂತೆಯೇ ಬರೆದು ಅದಕ್ಕೆ ಗೌರವ ತಂದುಕೊಟ್ಟ ಇಂಥ ಇನ್ನೊಂದು ಚಿತ್ರವನ್ನು ನಾನು ನೋಡಿಲ್ಲ. ನನ್ನ ವೃತ್ತಿಯವರೆಲ್ಲರೂ ಇದನ್ನು ಗೋಡೆಗೆ ಹಾಕಿಕೊಳ್ಳಬೇಕು.

ಒಂದು ವಿಷಯದಲ್ಲಿ ಮಾತ್ರ ಎಚ್ಚರಿಕೆ ಬೇಕು ಅನ್ನಿಸುತ್ತದೆ. ಎರಾಸ್ಮಸ್‌ನ ಹಿಂದಿನ ಗಾಜಿನ ಹೂಜಿಗೆ ಪಾವಿತ್ರ್ಯ, ನಿರ್ಮಲತೆ ಎಂದೆಲ್ಲ ಅರ್ಥ ಹೇಳುವವರಿದ್ದಾರೆ. ಇರಬಹುದು. ಆದರೆ ಬೆಳಕು ಗಾಜನ್ನು ಹಾಯ್ದು ಬರುವುದನ್ನು ಬರೆಯುವುದು ಯಾವ ಚಿತ್ರಕಾರನಿಗೂ ಸಂತೋಷದ ಕೆಲಸ, ತನ್ನ ಕೈಚಳಕವನ್ನು ತೋರುವ ಅವಕಾಶ. ಪ್ರತಿ ವಸ್ತುವಿಗೂ ಒಂದು ಗೂಢಾರ್ಥವನ್ನು ಕಟ್ಟಿ ಮಕ್ಕಳಿಗೆ ಒಪ್ಪಿಸಿದರೆ ಅವರು ಆ ಗಾಜಿನ ಮೇಲಿನ ಬೆಳಕನ್ನು ನೋಡುವುದನ್ನೇ ಬಿಟ್ಟುಬಿಡುತ್ತಾರೆ.

ಕಾಡುಮಲ್ಲಿಗೆ, ಕೊಪ್ಪ

ವಿದುಷಿಯರ ಬಗ್ಗೆ ಕೇಳಿದ್ದೀರಿ. ಸಂಶೋಧನಾ ವಿದ್ಯಾರ್ಥಿನಿಯಾಗಿ ನನಗೆ ಹತ್ತಿರವಾದ ವಿಷಯವಿದು, ಆದ್ದರಿಂದ ಎರಡು ಚಿತ್ರಗಳನ್ನು ಮುಂದಿಡುತ್ತೇನೆ.

ಮೊದಲನೆಯದು ಫ್ಲಾರೆನ್ಸಿನ ಬ್ರೊಂಜಿನೊ 1550ರ ದಶಕದ ಕೊನೆಯ ಹೊತ್ತಿಗೆ ಬರೆದ ಕವಯಿತ್ರಿ ಲಾರಾ ಬತ್ತಿಫೆರ್ರಿಯ ಚಿತ್ರ. ಆ ವೇಳೆಗೆ ಭಾವಚಿತ್ರದಲ್ಲಿ ಮುಖವನ್ನು ಮುಕ್ಕಾಲು ಭಾಗ ನಮ್ಮ ಕಡೆಗೆ ತಿರುಗಿಸುವುದು ರೂಢಿಯಾಗಿತ್ತು. ಬ್ರೊಂಜಿನೊ ಬೇಕೆಂದೇ ಹಳೆಯ ಪದ್ಧತಿಗೆ ಹೋಗಿ ಅವಳನ್ನು ಪೂರ್ತಿ ಪಕ್ಕಮುಖದಲ್ಲಿ ಬರೆದನು. ಹಳೆಯ ನಾಣ್ಯ ಪದಕಗಳ ಮೇಲೆ ಅರಸರನ್ನೂ ಪಂಡಿತರನ್ನೂ ಮೂಡಿಸಿದ ಭಂಗಿ ಅದು. ಉದ್ದನೆಯ ಬಾಗುಮೂಗಿನ ಆ ಮುಖ ಇಟಲಿಯ ಮಹಾಕವಿ ದಾಂತೆಯ ಪಕ್ಕಮುಖವನ್ನು ನೆನಪಿಸುತ್ತದೆ. ತೆಳುವಾದ ಪಾರದರ್ಶಕ ಮುಸುಕು ಅವಳನ್ನು ಗೃಹಿಣಿಯ ಮರ್ಯಾದೆಯಲ್ಲಿ ನಿಲ್ಲಿಸಿದರೆ, ಕೈಯಲ್ಲಿ ನಮ್ಮ ಕಡೆಗೆ ತೆರೆದು ಹಿಡಿದ ಪೆತ್ರಾರ್ಕನ ಪದ್ಯಗಳು ಅವಳನ್ನು ಕವಿಗಳ ವಂಶದಲ್ಲಿ ನಿಲ್ಲಿಸುತ್ತವೆ. ಅವಳು ನಮ್ಮನ್ನು ನೋಡುವುದಿಲ್ಲ, ಪುಸ್ತಕವನ್ನೂ ನೋಡುವುದಿಲ್ಲ. ನೀಳವಾದ ಎರಡು ಬೆರಳುಗಳು ಮಾತ್ರ ಪುಟದ ಮೇಲೆ ನಮಗೆ ಸಾಲುಗಳನ್ನು ತೋರಿಸುತ್ತಿವೆ. ಹೆಣ್ಣಿನ ಚೆಲುವನ್ನು ತೋರಿಸುವ ಭಾವಚಿತ್ರಗಳ ನಡುವೆ ಇದು ಬೇರೆಯೇ ಆಗಿ ನಿಲ್ಲುತ್ತದೆ. ಇಲ್ಲಿ ಚೆಲುವಿನ ಸ್ಥಾನದಲ್ಲಿ ಒಂದು ಬಗೆಯ ನಿಷ್ಠುರತೆ ಇದೆ, ಮತ್ತು ಆ ನಿಷ್ಠುರತೆಯನ್ನೇ ಚಿತ್ರಕಾರ ಗೌರವಿಸಿದ್ದಾನೆ.

ಎರಡನೆಯದು ಕ್ರೆಮೋನಾದ ಸೊಫೊನಿಸ್ಬಾ ಆಂಗ್ವಿಸ್ಸೊಲಾ 1554ರಲ್ಲಿ ಬರೆದುಕೊಂಡ ತನ್ನದೇ ಭಾವಚಿತ್ರ, ಈಗ ವಿಯೆನ್ನಾದಲ್ಲಿದೆ. ಕಪ್ಪು ಉಡುಪು, ಒಡವೆಗಳಿಲ್ಲ, ಬಿಗಿದು ಕಟ್ಟಿದ ಕೂದಲು, ನೇರವಾಗಿ ನಮ್ಮನ್ನು ನೋಡುವ ದೊಡ್ಡ ಕಣ್ಣುಗಳು. ಕೈಯಲ್ಲಿ ತೆರೆದ ಪುಟ್ಟ ಪುಸ್ತಕವಿದೆ. ಅದರಲ್ಲಿ ಇರುವುದು ಬೇರೆ ಯಾರ ಪದ್ಯವೂ ಅಲ್ಲ. ಕನ್ಯೆಯಾದ ಸೊಫೊನಿಸ್ಬಾ ತನ್ನನ್ನು ತಾನೇ ಬರೆದುಕೊಂಡಳು ಎಂಬ ಲ್ಯಾಟಿನ್ ಸಾಲು ಮತ್ತು ವರ್ಷ. ಗಂಡಸರ ಚಿತ್ರಗಳಲ್ಲಿ ಪುಸ್ತಕವು ಅವರು ಓದಿದ್ದನ್ನೋ ಬರೆದದ್ದನ್ನೋ ಹೇಳುತ್ತದೆ. ಇವಳ ಪುಸ್ತಕವು ಈ ಚಿತ್ರ ಯಾರ ಕೈಯದೆಂಬುದಕ್ಕೆ ಸಾಕ್ಷಿ ಹೇಳುತ್ತದೆ. ಹೆಣ್ಣೊಬ್ಬಳ ಕೆಲಸವನ್ನು ಅವಳ ತಂದೆಯದೆಂದೋ ಗುರುವಿನದೆಂದೋ ಜನ ತಿಳಿಯಬಹುದಾಗಿದ್ದ ಕಾಲದಲ್ಲಿ ಆ ಸಾಕ್ಷಿ ಅಗತ್ಯವಾಗಿತ್ತು. ಹೀಗಾಗಿ ಸರ್, ವಸ್ತು ಅದೇ, ಭಂಗಿಯೂ ಅದೇ, ಆದರೆ ಅವುಗಳಿಂದ ನಡೆಯಬೇಕಾದ ಕೆಲಸ ಬೇರೆ. ನಿಮ್ಮ ತರಗತಿಯ ಹೆಣ್ಣುಮಕ್ಕಳಿಗೆ ಈ ಚಿತ್ರವನ್ನು ತಪ್ಪದೆ ತೋರಿಸಿ.

ಪಾಚೊಲಿಯ ಚಿತ್ರದ ಬಗ್ಗೆಯೂ ಒಂದು ಮಾತು. ಅವನು ಫ್ರಾನ್ಸಿಸ್ಕನ್ ಸನ್ಯಾಸಿ. ಮೈಮೇಲೆ ಒರಟು ಬಟ್ಟೆಯ ನಿಲುವಂಗಿ, ಸೊಂಟಕ್ಕೆ ಗಂಟು ಹಾಕಿದ ಹಗ್ಗ; ಬೆಲೆಬಾಳುವ ಉಡುಪೆಲ್ಲ ಪಕ್ಕದ ಶಿಷ್ಯನದು. ಬಡತನದ ವ್ರತ ತೊಟ್ಟವನಿಗೆ ತುಪ್ಪಳ ತೊಡಿಸುವಂತಿಲ್ಲವಾದ್ದರಿಂದ, ಚಿತ್ರಕಾರ ಅವನ ಸ್ಥಾನವನ್ನು ಸುತ್ತಲಿನ ವಸ್ತುಗಳಿಗೆ ಒಪ್ಪಿಸಿದ್ದಾನೆ. ಒಂದು ಕೈಯಲ್ಲಿನ ಕಡ್ಡಿ ಸ್ಲೇಟಿನ ಮೇಲಿನ ರೇಖಾಕೃತಿಯನ್ನು ತೋರುತ್ತಿದೆ, ಇನ್ನೊಂದು ಕೈ ಯೂಕ್ಲಿಡ್‌ನ ಗ್ರಂಥದ ಮೇಲಿದೆ. ಎಡಬದಿಯಲ್ಲಿ ದಾರದಿಂದ ತೂಗುವ, ಅರ್ಧ ನೀರು ತುಂಬಿದ ಗಾಜಿನ ಘನಾಕೃತಿಗೆ 18 ಚೌಕ ಮತ್ತು 8 ತ್ರಿಕೋನ, ಒಟ್ಟು 26 ಮುಖಗಳಿವೆ. ಮೇಜಿನ ಮೇಲಿನ ಕೆಂಪು ಹೊದಿಕೆಯ ದಪ್ಪ ಪುಸ್ತಕವನ್ನು 1494ರಲ್ಲಿ ವೆನಿಸ್‌ನಲ್ಲಿ ಮುದ್ರಣವಾದ ಅವನದೇ ಗಣಿತಗ್ರಂಥವೆಂದು ಗುರುತಿಸುತ್ತಾರೆ. ವ್ಯಾಪಾರಿಗಳ ಜೋಡಿ ನಮೂದು ಲೆಕ್ಕಪದ್ಧತಿ ಮೊದಲು ವಿವರವಾಗಿ ಅಚ್ಚಾದದ್ದು ಅದರಲ್ಲಿಯೇ. ಶಿಷ್ಯ ನಮ್ಮನ್ನು ನೋಡುತ್ತಿದ್ದಾನೆ. ಗುರುವಿನ ದೃಷ್ಟಿ ಮಾತ್ರ ಪುಸ್ತಕದ ಮೇಲೂ ಇಲ್ಲ, ನಮ್ಮ ಮೇಲೂ ಇಲ್ಲ. ಲೆಕ್ಕವನ್ನು ಮನಸ್ಸಿನಲ್ಲಿಯೇ ಮಾಡುವವನ ದೃಷ್ಟಿ ಅದು.

ಇಕ್ಕೇರಿ ರಸ್ತೆ, ಸಾಗರ

ಬರಹವಿರುವಾಗ ಚಿತ್ರವೇಕೆ ಎಂಬ ಪ್ರಶ್ನೆಗೆ ಉತ್ತರ ಹೇಳುವುದು ಉಳಿದಿದೆ. ಅದನ್ನು ಬೇರೆ ಯಾರೂ ಅಲ್ಲ, ಎರಾಸ್ಮಸ್‌ನೇ ಎತ್ತಿದ್ದನು. 1519ರಲ್ಲಿ ಮಾಸಿಸ್ ಅವನಿಗಾಗಿ ಮಾಡಿದ ಲೋಹದ ಪದಕದ ಮೇಲೆ, ಇವನ ಮೇಲಾದ ರೂಪವನ್ನು ಇವನ ಬರಹಗಳು ತೋರಿಸುತ್ತವೆ ಎಂಬ ಅರ್ಥದ ಗ್ರೀಕ್ ಸಾಲಿದೆ. ಆಲ್ಬ್ರೆಕ್ಟ್ ಡ್ಯೂರರ್ 1526ರಲ್ಲಿ ತಾಮ್ರದ ಹಲಗೆಯಲ್ಲಿ ಕೊರೆದು ಮುದ್ರಿಸಿದ ಎರಾಸ್ಮಸ್ ಚಿತ್ರದಲ್ಲಿ ಅದೇ ಸಾಲು ಮತ್ತೆ ಬಂದಿದೆ. ಅದೂ ವಿದ್ವಾಂಸನ ಹಿಂದೆ, ಚೌಕಟ್ಟು ಹಾಕಿದ ದೊಡ್ಡ ಫಲಕದ ಮೇಲೆ, ಅವನ ಮುಖಕ್ಕಿಂತ ಹೆಚ್ಚು ಜಾಗವನ್ನು ಆಕ್ರಮಿಸಿಕೊಂಡು. ಡ್ಯೂರರ್ ಅವನನ್ನು ಎದುರಿಗೆ ಕೂರಿಸಿ ರೇಖಾಚಿತ್ರ ಬರೆದುಕೊಂಡದ್ದು 1520ರಲ್ಲಿ. ಆರು ವರ್ಷಗಳ ಅನಂತರ ಬಂದ ಮುದ್ರಣವನ್ನು ನೋಡಿದ ಎರಾಸ್ಮಸ್, ಹೋಲಿಕೆ ಅಷ್ಟಾಗಿ ಇಲ್ಲದಿರುವುದು ಆಶ್ಚರ್ಯವಲ್ಲ, ಆಗ ಇದ್ದ ಮನುಷ್ಯ ಈಗ ನಾನಲ್ಲ ಎಂಬ ಅರ್ಥದಲ್ಲಿ ಬರೆದನು. ಆ ಚಿತ್ರದಲ್ಲಿ ಎಲ್ಲವೂ ಇದೆ: ಮುಂದೆ ಹರಡಿದ ಪುಸ್ತಕಗಳು, ಹೂಗಳಿದ್ದ ಪಾತ್ರೆ, ಓರೆಯಾದ ಬರೆಯುವ ಮಣೆ, ಸುರುಳಿ ಸುರುಳಿಯಾದ ಬಟ್ಟೆಯ ಮಡಿಕೆಗಳು. ಅಷ್ಟೆಲ್ಲ ಇದ್ದೂ ಮುಖದಲ್ಲಿ ಮನುಷ್ಯ ದೂರವಾಗಿಯೇ ಉಳಿದಿದ್ದಾನೆ ಎಂಬುದು ನನ್ನ ಭಾವನೆ.

ಅದೇ 1526ರಲ್ಲಿ ಡ್ಯೂರರ್ ಇನ್ನೊಬ್ಬ ವಿದ್ವಾಂಸನನ್ನು ಕೊರೆದನು. ಧರ್ಮಸುಧಾರಕ ಮಾರ್ಟಿನ್ ಲೂಥರನ ಸಹಚರನೂ ಗ್ರೀಕ್ ಭಾಷೆಯ ಅಧ್ಯಾಪಕನೂ ಆಗಿದ್ದ ಫಿಲಿಪ್ ಮೆಲಾಂಖ್ತನ್ ಅವನು. ಈ ಚಿತ್ರದಲ್ಲಿ ಪುಸ್ತಕವಿಲ್ಲ, ಮೇಜಿಲ್ಲ, ತುಪ್ಪಳವಿಲ್ಲ. ಬರಿಯ ಆಕಾಶದ ಎದುರಿಗೆ ಒಂದು ತಲೆ, ತೆರೆದ ಕಾಲರಿನ ಸಾದಾ ಅಂಗಿ, ಎತ್ತರದ ಹಣೆ, ಅದರ ಮೇಲೆ ಉಬ್ಬಿದ ನರ, ಕೆದರಿದ ಕೂದಲು. ಬಯಲಿನಲ್ಲಿ ನಿಂತಂತೆ ಬರೆದಿದ್ದರೂ ಕಣ್ಣುಗಳಲ್ಲಿ ಕಿಟಕಿಯ ಪ್ರತಿಬಿಂಬವಿದೆ, ಡ್ಯೂರರ್ ತನ್ನ ಎಷ್ಟೋ ಮುಖಗಳಲ್ಲಿ ಇಟ್ಟಂತೆ. ಕೆಳಗಿನ ಲ್ಯಾಟಿನ್ ಸಾಲುಗಳು, ಜೀವಂತ ಫಿಲಿಪ್ಪನ ಮುಖವನ್ನು ಡ್ಯೂರರ್ ಬರೆಯಬಲ್ಲವನಾದನು, ಆದರೆ ನುರಿತ ಆ ಕೈಗೆ ಅವನ ಮನಸ್ಸನ್ನು ಬರೆಯಲಾಗಲಿಲ್ಲ ಎನ್ನುತ್ತವೆ.

ಆ ಸಾಲನ್ನು ನಾನು ಒಪ್ಪುವುದಿಲ್ಲ. ಸ್ಥಾನಮಾನದ ಗುರುತುಗಳನ್ನೆಲ್ಲ ತೆಗೆದುಹಾಕಿದ ಮೇಲೆ ಉಳಿದ ಆ ಹಣೆ ಮತ್ತು ಆ ಕಣ್ಣುಗಳಲ್ಲಿ, ನಿದ್ದೆಗೆಟ್ಟು ಓದಿದ, ಸುಲಭವಾಗಿ ನೋಯುವ, ಆದರೂ ಪಟ್ಟು ಬಿಡದ ಮನುಷ್ಯನೊಬ್ಬ ನನಗೆ ಕಾಣುತ್ತಾನೆ. ನಿಮ್ಮ ವಿದ್ಯಾರ್ಥಿನಿಗೆ ಒಂದೇ ವರ್ಷದ ಈ ಎರಡು ಮುದ್ರಣಗಳನ್ನು ಜೊತೆಯಾಗಿ ತೋರಿಸಿ, ಕೆಳಗಿನ ಸಾಲುಗಳ ಅರ್ಥವನ್ನು ಮೊದಲೇ ಹೇಳದೆ, ಯಾರ ಮನಸ್ಸು ಹೆಚ್ಚು ಕಾಣುತ್ತದೆಂದು ಕೇಳಿ. ಅವಳು ಏನು ಹೇಳಿದಳೆಂಬುದನ್ನು ಇಲ್ಲಿ ಬರೆದರೆ ನಾವೆಲ್ಲರೂ ಓದುತ್ತೇವೆ.